ಎಷ್ಟು ಹೊತ್ತಿಗೆ ಆಯಿತು?

ರಾತ್ರಿ ಹನ್ನೊಂದರ ಸುಮಾರಿಗೆ ತಾಲ್ಲೂಕು ಆಸ್ಪತ್ರೆಯ ಅಂಗಳಕ್ಕೆ ಆಟೊ ಒಂದು ಬಂದು ನಿಲ್ಲುತ್ತದೆ. ಒಳಗೆ ಮೈಮೇಲೆ ಎಚ್ಚರವಿಲ್ಲದ ಹಿರಿಯರು. ಸುತ್ತ ಏಳೆಂಟು ಮಂದಿ ನೆಂಟರು, ನೆರೆಯವರು. ಡ್ಯೂಟಿಯಲ್ಲಿರುವ ಡಾಕ್ಟರು ಒಬ್ಬರೇ, ಸಿಸ್ಟರ್ ಒಬ್ಬರೇ. "ಏನಾಯಿತು?" ಎಂದರೆ ಎಂಟು ಉತ್ತರಗಳು ಒಟ್ಟಿಗೇ ಬರುತ್ತವೆ. ಬಿ.ಪಿ. ಇತ್ತು ಎನ್ನುವವರು ಒಬ್ಬರು, ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲಿಲ್ಲ ಎನ್ನುವವರು ಇನ್ನೊಬ್ಬರು, ಮಗ ಬೆಂಗಳೂರಿನಿಂದ ಹೊರಟಿದ್ದಾನೆ ಎನ್ನುವವರು ಮತ್ತೊಬ್ಬರು. "ಎಷ್ಟು ಹೊತ್ತಿಗೆ ಆಯಿತು?" ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಉತ್ತರ ಗೊತ್ತಿರುವುದು ಬಹುಶಃ ಅಜ್ಜ ಕುಸಿದಾಗ ಪಕ್ಕದಲ್ಲೇ ಲೆಕ್ಕ ಮಾಡುತ್ತ ಕುಳಿತಿದ್ದ ಹೈಸ್ಕೂಲು ಹುಡುಗಿಗೆ. ಅವಳನ್ನು ಯಾರೂ ಕರೆತಂದಿರುವುದಿಲ್ಲ. ಮಕ್ಕಳಿಗೇನು ಗೊತ್ತು ಎಂಬುದು ನಮ್ಮ ಹಿರಿಯರ ಬಹು ಹಳೆಯ ನಂಬಿಕೆ.

ಆಸ್ಪತ್ರೆಯಲ್ಲಿ ಯಂತ್ರಗಳಿವೆ, ರಕ್ತಪರೀಕ್ಷೆ ಇದೆ. ಆದರೆ ರೋಗ ಶುರುವಾದ ಗಳಿಗೆಯನ್ನು ಹೇಳುವ ಯಂತ್ರ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಇಲ್ಲ. ಅದನ್ನು ಜೊತೆಯಲ್ಲಿ ಬಂದವರೇ ಹೇಳಬೇಕು. ಎಷ್ಟೋ ಸಂದರ್ಭಗಳಲ್ಲಿ ಯಾವ ಔಷಧಿ ಕೊಡಬಹುದು, ಯಾವುದನ್ನು ಕೊಡಲೇಬಾರದು ಎಂಬುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ನಾಲ್ಕೂವರೆ ಗಂಟೆಯ ಗಡುವು

ಪಾರ್ಶ್ವವಾಯುವನ್ನೇ ನೋಡಿ. ಹಳ್ಳಿಗಳಲ್ಲಿ ಲಕ್ವ ಹೊಡೆಯಿತು ಎನ್ನುತ್ತಾರೆ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಅದರ ಆಚೆಗಿನ ನರಕೋಶಗಳಿಗೆ ಆಮ್ಲಜನಕ ತಪ್ಪುತ್ತದೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು, ನಾವು ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ದೊಡ್ಡ ರಕ್ತನಾಳ ಮುಚ್ಚಿಕೊಂಡರೆ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಉಂಟು. ಲಕ್ಷಣ ಕಂಡ ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವೆಂದು ಅಮೆರಿಕದಲ್ಲಿ ನಡೆದ ಪ್ರಯೋಗ 1995ರಲ್ಲಿ ತೋರಿಸಿತು. 2008ರಲ್ಲಿ ಯೂರೋಪಿನ ಪ್ರಯೋಗವೊಂದು ಆ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತಡವಾದಷ್ಟೂ ಲಾಭ ಇಳಿಯುತ್ತದೆ, ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ಹೀಗಾಗಿ ಹೊತ್ತು ಗೊತ್ತಿಲ್ಲದಿದ್ದರೆ ಮಾಮೂಲಿ ಆಸ್ಪತ್ರೆಯ ಡಾಕ್ಟರು ಆ ಇಂಜೆಕ್ಷನ್ ಕೊಡಲು ಹಿಂಜರಿಯುವುದು ಸಹಜ. ಔಷಧಿ ಇದೆ, ರೋಗಿಯೂ ಬಂದಿದ್ದಾನೆ, ಹೊತ್ತು ಮಾತ್ರ ಯಾರಿಗೂ ಗೊತ್ತಿಲ್ಲ!

ಇಲ್ಲಿ ಒಂದು ಸೂಕ್ಷ್ಮವಿದೆ. ಬೆಳಗ್ಗೆ ಆರಕ್ಕೆ ಎಬ್ಬಿಸಹೋದಾಗ ತಂದೆಯ ಬಾಯಿ ಸೊಟ್ಟಗಾಗಿತ್ತು ಎಂದುಕೊಳ್ಳಿ. "ಆರು ಗಂಟೆಗೆ ಆಯಿತು" ಎಂದು ಮನೆಯವರು ಹೇಳುತ್ತಾರೆ. ಆರು ಗಂಟೆ ಎಂಬುದು ಅವರು ಕಂಡ ಹೊತ್ತು, ಅಷ್ಟೇ. ರೋಗ ಹನ್ನೆರಡಕ್ಕೇ ಶುರುವಾಗಿರಬಹುದು. ಡಾಕ್ಟರಿಗೆ ಬೇಕಾಗಿರುವುದು ಕೊನೆಯ ಬಾರಿ ಚೆನ್ನಾಗಿದ್ದುದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದರು ಎಂಬುದು. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದ್ದರೆ ಲೆಕ್ಕ ಹತ್ತರಿಂದ. ನಡುವೆ ನಾಲ್ಕಕ್ಕೆ ಎದ್ದು ಬಚ್ಚಲಿಗೆ ಸರಿಯಾಗಿ ನಡೆದು ಹೋಗಿ ಬಂದದ್ದನ್ನು ಯಾರಾದರೂ ನೋಡಿದ್ದರೆ ಲೆಕ್ಕ ನಾಲ್ಕರಿಂದ. ಪರೀಕ್ಷೆಗೆ ಓದುತ್ತ ಎಚ್ಚರವಿದ್ದ ಮಗನ ಒಂದು ಮಾತು ಆರು ಗಂಟೆಗಳ ವ್ಯತ್ಯಾಸ ಮಾಡಿಬಿಡುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಆಯ್ದ ಕೆಲವರಿಗೆ ನಾಳದೊಳಗೆ ತಂತಿ ತೂರಿಸಿ 24 ಗಂಟೆಯವರೆಗೂ ಹೆಪ್ಪು ತೆಗೆಯುವುದುಂಟು; ಅಲ್ಲಿಯೂ ಲೆಕ್ಕ ಹಾಕುವುದು ಇದೇ ಗಡಿಯಾರದಿಂದ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸಿದರೆ ರಕ್ತದ ಗ್ಲೂಕೋಸ್ ಕುಸಿದು ಥೇಟ್ ಲಕ್ವದ ಹಾಗೆಯೇ ಮಾತು ತೊದಲಬಹುದು, ಕೈ ಸೋಲಬಹುದು. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. "ಸಕ್ಕರೆ ಕಾಯಿಲೆ ಇದೆ, ಇಂಜೆಕ್ಷನ್ ಎಂಟಕ್ಕೆ ತೆಗೆದುಕೊಂಡರು, ಊಟ ಮಾಡಲಿಲ್ಲ" ಎಂದು ಮನೆಯವರು ಹೇಳಿದರೆ ಡಾಕ್ಟರ ಕೈ ಮೊದಲು ಅತ್ತಲೇ ಹೋಗುತ್ತದೆ.

ಗ್ಯಾಸ್ಟ್ರಿಕ್ ಎಂಬ ಮಾಯೆ

ಕರ್ನಾಟಕದಲ್ಲಿ ಎದೆಯಿಂದ ಹೊಕ್ಕುಳಿನವರೆಗೆ ಏನೇ ಆದರೂ ಅದರ ಹೆಸರು ಗ್ಯಾಸ್ಟ್ರಿಕ್. ಹೃದಯಾಘಾತವೂ ಹಲವು ಬಾರಿ ಇದೇ ವೇಷದಲ್ಲಿ ಬರುತ್ತದೆ: ಎದೆ ಉರಿ, ತೇಗು, ವಾಕರಿಕೆ, ಬೆವರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಕಾಣಿಸದೆಯೂ ಇರಬಹುದು. ಕೌಂಟರಿನಲ್ಲಿ "ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಕೊಡಿ" ಎಂದರೆ ರೋಗಿ ಬೆಂಚಿನ ಮೇಲೆ ಕೂರುವ ಸಂಭವವೇ ಹೆಚ್ಚು. "ಒಂಬತ್ತು ಗಂಟೆಯಿಂದ ಎದೆ ಹಿಂಡಿದ ಹಾಗಾಗುತ್ತಿದೆ, ಎಡಗೈಗೆ ಸೆಳೆಯುತ್ತಿದೆ, ಮೈ ಬೆವರುತ್ತಿದೆ" ಎಂದರೆ ಇಸಿಜಿ ಯಂತ್ರ ಹತ್ತಿರ ಬರುತ್ತದೆ. ಎದೆನೋವಿನವರು ಬಾಗಿಲಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯರೇ ಒಪ್ಪಿರುವ ನಿಯಮ. ರೋಗಕ್ಕೆ ಹೆಸರಿಡುವ ಕೆಲಸ ಡಾಕ್ಟರದು. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ಮನೆಯವರದು. ವಿಜ್ಞಾನದ ಪ್ರಯೋಗದಲ್ಲಿ ವೀಕ್ಷಣೆ ಬೇರೆ, ನಿರ್ಣಯ ಬೇರೆ ಎಂದು ಮಕ್ಕಳು ಕಲಿಯುವುದೂ ಇದನ್ನೇ.

2023ರಲ್ಲಿ ರಾಜ್ಯ ಸರಕಾರ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ಇಸಿಜಿ ತೆಗೆಯಬೇಕೆಂದು ಯಾರಿಗಾದರೂ ಅನ್ನಿಸಬೇಕಲ್ಲ!

ಹಾವನ್ನು ತರಬೇಡಿ, ಹೊತ್ತನ್ನು ತನ್ನಿ

ಹಾವು ಕಡಿತದ ವಿಷಯದಲ್ಲಿ ಜನ ಆಸ್ಪತ್ರೆಗೆ ತರುವ ಮಾಹಿತಿ ಹಲವೊಮ್ಮೆ ಗೋಣಿಚೀಲದಲ್ಲಿರುತ್ತದೆ. ಹಾವನ್ನು ಹೊಡೆದು, ಕೆಲವೊಮ್ಮೆ ಅರ್ಧಜೀವದಲ್ಲೇ, ಮೇಜಿನ ಮೇಲೆ ಸುರಿಯುತ್ತಾರೆ. ಹೊಡೆಯುವ ಭರದಲ್ಲಿ ಎರಡನೆಯವನಿಗೂ ಕಡಿಸಿಕೊಂಡು ಬಂದವರುಂಟು. ಇದರ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೂ ಸೇರಿ ತಯಾರಾದದ್ದು. ತಮಿಳುನಾಡಿನ ಇರುಳರ ಸಹಕಾರ ಸಂಘದಂಥ ಕಡೆ ಹಿಂಡಿದ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಅದನ್ನು ಮಾಡುತ್ತಾರೆ. ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ಸಿಕ್ಕಿದ್ದರೆ ಒಳ್ಳೆಯದೇ, ಸಿಗದಿದ್ದರೆ ನಷ್ಟವಿಲ್ಲ.

ಹಾಗಾದರೆ ಡಾಕ್ಟರಿಗೆ ಬೇಕಾದದ್ದೇನು? ಕಡಿದ ಹೊತ್ತು, ಕಡಿದ ಜಾಗ, ಆಮೇಲೆ ಒಂದೊಂದಾಗಿ ಕಂಡ ಬದಲಾವಣೆ. ಕಾಲು ಊದಿಕೊಂಡದ್ದು ಪಾದದವರೆಗೋ ಮೊಣಕಾಲಿನವರೆಗೋ? ವಸಡಿನಿಂದ ರಕ್ತ ಬಂತೇ? ಮೂತ್ರ ಕೆಂಪಾಗಿತ್ತೇ? ರೆಪ್ಪೆ ಮುಚ್ಚಿಕೊಳ್ಳುತ್ತಿದೆಯೇ? ಮಂಡಲ ಜಾತಿಯ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ನಾಗರ ಮತ್ತು ಕಟ್ಟುಹಾವಿನ ವಿಷ ನರ ಸ್ನಾಯುವನ್ನು ಸೇರುವಲ್ಲಿ ಸಂದೇಶ ತಡೆದು ಉಸಿರಾಟ ನಿಲ್ಲಿಸುತ್ತದೆ. ಊತ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದುಕೊಂಡು ಬಂದರೆ, ಅದು ಹತ್ತು ಮಂದಿ ನೆಂಟರ ವಿವರಣೆಗಿಂತ ಮಿಗಿಲು.

ಕಟ್ಟುಹಾವಿನದು ಇನ್ನೂ ಕಪಟದ ವ್ಯವಹಾರ. ಅದು ಓಡಾಡುವುದು ರಾತ್ರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಡಿಯುತ್ತದೆ; ನೋವು ಅಷ್ಟಕ್ಕಷ್ಟೇ, ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದ ಮಗುವಿನ ರೆಪ್ಪೆ ಜೋಲುತ್ತಿರುತ್ತದೆ. ಮನೆಯವರು ಹೇಳುವುದು ಹೊಟ್ಟೆನೋವನ್ನು ಮಾತ್ರ. "ರಾತ್ರಿ ನೆಲದ ಮೇಲೆ ಮಲಗಿತ್ತು, ಈಗ ಕಣ್ಣು ಬಿಡಲಾಗುತ್ತಿಲ್ಲ" ಎಂಬೆರಡು ಮಾತು ಸೇರಿದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಮಗುವೆಂದು ಪ್ರತಿವಿಷ ಕಡಿಮೆ ಕೊಡುವುದಿಲ್ಲ ಎಂಬುದೂ ಪಾಲಕರಿಗೆ ತಿಳಿದಿರಲಿ. ಹಾವು ಕಡಿಯುವಾಗ ವಯಸ್ಸು ನೋಡಿ ವಿಷ ಬಿಡುವುದಿಲ್ಲವಲ್ಲ. ದೊಡ್ಡವರಿಗೆಷ್ಟೋ ಮಕ್ಕಳಿಗೂ ಅಷ್ಟೇ.

ಮಲೆನಾಡಿನವರು ಊರಿನ ಹೆಸರನ್ನೂ, ಕಡಿದದ್ದು ಕಾಫಿ ತೋಟದಲ್ಲೋ ಗದ್ದೆಯಲ್ಲೋ ಎಂಬುದನ್ನೂ ಹೇಳಬೇಕು. ಪಶ್ಚಿಮ ಘಟ್ಟದಲ್ಲಿ ಮೂತಿ ಮೇಲಕ್ಕೆದ್ದ ಸಣ್ಣ ಗುಳಿಮಂಡಲವೊಂದಿದೆ. ಅದು ಕಡಿದರೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ನಮ್ಮ ನಾಲ್ಕು ಹಾವಿನ ಪ್ರತಿವಿಷ ಮಾತ್ರ ಅದಕ್ಕೆ ನಾಟುವುದಿಲ್ಲ.

ಆಸ್ಪತ್ರೆಯಲ್ಲಿ ಮಾಡುವ ಮುಖ್ಯ ಪರೀಕ್ಷೆ ಶಾಲೆಯ ಪ್ರಯೋಗಾಲಯದಲ್ಲೂ ಮಾಡಬಹುದಾದಷ್ಟು ಸರಳ. ಒಣಗಿದ, ಶುಭ್ರವಾದ ಗಾಜಿನ ಪ್ರನಾಳದಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಪ್ರನಾಳ ಗಾಜಿನದೇ ಆಗಬೇಕು. ಹೆಪ್ಪುಗಟ್ಟುವ ಕ್ರಿಯೆಯನ್ನು ಗಾಜಿನ ಮೇಲ್ಮೈ ಚುರುಕುಗೊಳಿಸುತ್ತದೆ, ಪ್ಲಾಸ್ಟಿಕ್ ಹಾಗೆ ಮಾಡುವುದಿಲ್ಲ. "ಇಪ್ಪತ್ತು ನಿಮಿಷದಿಂದ ಏನೂ ಮಾಡದೆ ಸುಮ್ಮನೆ ಕೂತಿದ್ದಾರೆ" ಎಂದು ಹೊರಗೆ ಗಲಾಟೆ ಎದ್ದಿರುವಾಗ ಒಳಗೆ ಇದೇ ನಡೆಯುತ್ತಿರಬಹುದು.

ಮುಚ್ಚಿಡುವುದು ಇನ್ನೊಂದು ತೊಡಕು. ನಾಟಿ ಔಷಧಿ ಹಚ್ಚಿಸಿದ್ದು, ಬ್ಲೇಡಿನಿಂದ ಕೊಯ್ದದ್ದು, ಹಗ್ಗ ಬಿಗಿದದ್ದು ಇವನ್ನು ಡಾಕ್ಟರು ಬೈಯುತ್ತಾರೆಂದು ಹೇಳುವುದಿಲ್ಲ. ಬೈದರೆ ಬೈಯಲಿ. ಹಗ್ಗ ಕಟ್ಟಲೇಬಾರದು, ಕಟ್ಟಿಯಾಗಿದ್ದರೆ ಎಷ್ಟು ಹೊತ್ತಿಗೆ ಕಟ್ಟಿದ್ದು ಎಂದು ಹೇಳಬೇಕು, ತಾವೇ ಬಿಚ್ಚಬಾರದು. ತಡೆದಿದ್ದ ವಿಷ ಒಮ್ಮೆಲೇ ನುಗ್ಗೀತೆಂಬ ಎಚ್ಚರದಿಂದ ಪ್ರತಿವಿಷ ಸಿದ್ಧಮಾಡಿಕೊಂಡು ಅವರು ಬಿಚ್ಚುತ್ತಾರೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಆದೇಶಿಸಿತು.

ಬಾಟಲಿಯ ಸಣ್ಣ ಅಕ್ಷರ

ಕೀಟನಾಶಕ ಮೈಗೆ ತಗುಲಿ ಅಥವಾ ಹೊಟ್ಟೆಗೆ ಸೇರಿ ಬಂದವರ ಜೊತೆ ಬರಬೇಕಾದದ್ದು ಬಾಟಲಿ. "ಹತ್ತಿಗೆ ಹೊಡೆಯುವ ಔಷಧಿ" ಎಂದರೆ ಏನೂ ಹೇಳಿದಂತಾಗಲಿಲ್ಲ. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು; ಡಾಕ್ಟರಿಗೆ ಬೇಕಾದದ್ದು ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು. ವಜ್ರಾಕಾರದ ಗುರುತಿನ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು.

ಹೆಸರಿನಿಂದೇನಾಗುತ್ತದೆ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಆರ್ಗನೋಫಾಸ್ಫೇಟ್ ಗುಂಪಿನ ವಿಷ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಬಾಯಲ್ಲಿ ಜೊಲ್ಲು, ಶ್ವಾಸಕೋಶದಲ್ಲಿ ದ್ರವ, ಕಣ್ಣಪಾಪೆ ಸೂಜಿಮೊನೆಯಷ್ಟು. ಇದಕ್ಕೆ ಅಟ್ರೋಪಿನ್ ಉಂಟು, ಆಮ್ಲಜನಕವೂ ಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತ್ಯೌಷಧವೇ ಇಲ್ಲ. ಅಷ್ಟೇ ಅಲ್ಲ, ಅದು ಆಮ್ಲಜನಕವನ್ನೇ ಆಯುಧ ಮಾಡಿಕೊಂಡು ಶ್ವಾಸಕೋಶವನ್ನು ಸುಡುವುದರಿಂದ, ತೀರಾ ಅನಿವಾರ್ಯವಾಗದ ಹೊರತು ಆಮ್ಲಜನಕ ಕೊಡುವುದಿಲ್ಲ. ಒಬ್ಬರಿಗೆ ಪ್ರಾಣ ಉಳಿಸುವುದು ಇನ್ನೊಬ್ಬರಿಗೆ ಅಪಾಯ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಲೇಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರೆ ಅದನ್ನೂ ಹೇಳಿಬಿಡಬೇಕು.

ತಾವಾಗಿಯೇ ಕುಡಿದದ್ದಾದರೆ ಮನೆಯವರು "ಊಟ ವ್ಯತ್ಯಾಸವಾಯಿತು" ಎನ್ನುವುದುಂಟು. ಪೊಲೀಸರು, ಮಾನ, ಪರೀಕ್ಷೆಯ ಫಲಿತಾಂಶದ ದಿನದ ಸಂಕಟ, ಎಲ್ಲ ಅದರ ಹಿಂದಿರುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರಕಾರದ ಹೊಣೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಬೇರೆ ಕೆಲಸ, ಅದಕ್ಕಾಗಿ ಚಿಕಿತ್ಸೆ ಕಾಯುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲೇ ತೀರ್ಪು ಕೊಟ್ಟಿದೆ. ಮನೆಯಲ್ಲಿ ಯಾರಿಗಾದರೂ ಇಂಥ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹದಿನೆಂಟು ಸೆಕೆಂಡು

1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು ವೈದ್ಯರ ಕೋಣೆಯ ಮಾತುಕತೆಗಳನ್ನು ಅಭ್ಯಾಸ ಮಾಡಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡ ಬರುತ್ತಿದ್ದರು. ಅದು ಸಾವಧಾನದ ಭೇಟಿಗಳ ಕತೆ. ಅಪಘಾತ ವಿಭಾಗದಲ್ಲಿ ಅಷ್ಟೂ ಸಿಗಲಾರದು.

ಅಮೆರಿಕದ ನೌಕಾಪಡೆಯ ಅಣುಚಾಲಿತ ಜಲಾಂತರ್ಗಾಮಿಗಳಲ್ಲಿ ತುರ್ತು ಸುದ್ದಿಯನ್ನು ಚುಟುಕಾಗಿ ಮುಟ್ಟಿಸಲು ಒಂದು ಕ್ರಮವಿತ್ತು. ಅದನ್ನು ಆಸ್ಪತ್ರೆಗಳು ಎರವಲು ಪಡೆದವು. ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಏನಾಗಬೇಕು ಎಂಬ ನಾಲ್ಕು ಮೆಟ್ಟಿಲು. ಸಿಸ್ಟರುಗಳು ಡಾಕ್ಟರಿಗೆ ಫೋನಿನಲ್ಲಿ ವರದಿ ಒಪ್ಪಿಸಲು ಇದನ್ನು ಕಲಿಯುತ್ತಾರೆ. ಮನೆಯವರಿಗೆ ಮೊದಲೆರಡೇ ಸಾಕು. "ಡಾಕ್ಟ್ರೇ, ನಮ್ಮ ತಂದೆ, ಅರವತ್ತೆರಡು ವರ್ಷ. ಏಳೂ ಕಾಲಿಗೆ ಊಟಕ್ಕೆ ಕೂತಾಗ ಚೆನ್ನಾಗಿದ್ದರು. ಏಳೂವರೆಗೆ ಬಲಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಗಳು ಇಲ್ಲಿವೆ, ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುವುದಿಲ್ಲ." ಗಡಿಯಾರ ಹಿಡಿದು ಹೇಳಿ ನೋಡಿದರೆ ಹದಿನೈದು ಸೆಕೆಂಡಿನ ಆಸುಪಾಸು. ರಕ್ತ ತೆಳ್ಳಗಾಗುವ ಮಾತ್ರೆಯ ಮಾತು ಕೊನೆಗೆ ಬಂದರೂ ಚಿಲ್ಲರೆಯದಲ್ಲ. ಅಂಥವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವವಾದೀತು. ಮಾತ್ರೆಯ ಹೆಸರು ನೆನಪಿಡುವ ಕಷ್ಟವೇ ಬೇಡ, ಹಾಳೆಗಳನ್ನೇ ಚೀಲಕ್ಕೆ ಹಾಕಿಕೊಂಡು ಬಂದರಾಯಿತು.

ಹೇಳುವವರು ಒಬ್ಬರೇ ಆಗಬೇಕು, ಅವರು ನೋಡಿದವರಾಗಿರಬೇಕು. ಮನೆಯ ಯಜಮಾನರೇ ಮಾತಾಡಬೇಕೆಂಬ ಮರ್ಯಾದೆ ಮದುವೆ ಮಾತುಕತೆಗೆ ಇರಲಿ. ಕಂಡದ್ದು ಎಂಟನೇ ತರಗತಿಯ ಹುಡುಗನಾದರೆ ಅವನೇ ಮುಂದೆ ನಿಲ್ಲಲಿ.

ನಂತರ ಬಂದವರನ್ನು ಮೊದಲು ಒಳಗೆ ಕರೆದರೆಂಬ ಸಿಟ್ಟು ಮತ್ತೊಂದು. ಬಸ್ಸಿನ ಸರತಿಯ ನಿಯಮ ಇಲ್ಲಿ ನಡೆಯದು. ಪದವಿ ನೋಡದೆ ಗಾಯದ ತೀವ್ರತೆ ನೋಡಿ ಸೈನಿಕರನ್ನು ವಿಂಗಡಿಸುವ ಪದ್ಧತಿಯನ್ನು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ ರೂಢಿಗೆ ತಂದ. ಇಂದಿನ ಕೆಂಪು, ಹಳದಿ, ಹಸಿರು ವಿಂಗಡಣೆಯ ಮೂಲ ಅದು. ಹಳದಿಯವರು ಕಾಯುತ್ತಿರುವಾಗ ಕೆಂಪಾಗಬಹುದು. ಆಗ ಸಿಸ್ಟರ್ ಬಳಿ "ಎಷ್ಟು ಹೊತ್ತು ಕಾಯಬೇಕು?" ಎಂದರೆ ಅದು ದಿನಕ್ಕೆ ನೂರು ಸಲ ಕೇಳುವ ಮಾತು. "ಸಿಸ್ಟರ್, ಆಗ ಮಾತಾಡುತ್ತಿದ್ದರು, ಈಗ ಐದು ನಿಮಿಷದಿಂದ ಕರೆದರೆ ಓಗೊಡುತ್ತಿಲ್ಲ" ಎಂದರೆ ಅವರು ಎದ್ದು ಬರುತ್ತಾರೆ. ಕೂಗಾಟದಿಂದ ಕೆಲಸ ಬೇಗ ಆಗುವುದಿಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲೆಂದೇ ರಾಜ್ಯ 2009ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದು ನಮ್ಮ ನಾಗರಿಕತೆಗೆ ಭೂಷಣವೇನಲ್ಲ. ಸಿಬ್ಬಂದಿಯೂ ಒಂದೆರಡು ಮಾತು ಹೊರಗೆ ಬಂದು ಹೇಳಿದ್ದರೆ ಎಷ್ಟೋ ಜಗಳಗಳು ಹುಟ್ಟುತ್ತಲೇ ಇರಲಿಲ್ಲ, ಅದೂ ನಿಜ.

ರಸ್ತೆಯಲ್ಲಿ ಬಿದ್ದ ಅಪರಿಚಿತರನ್ನು ತಂದವರು ಕೇಸಿಗೆ ಹೆದರಿ ಬಾಗಿಲಲ್ಲೇ ಬಿಟ್ಟು ಹೋಗುವುದುಂಟು. ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಅವರಿಗೆ ರಕ್ಷಣೆ ಕೊಟ್ಟಿದೆ. ಆದರೆ ಹೊರಡುವ ಮುನ್ನ "ಬಿದ್ದ ಮೇಲೆ ಎದ್ದು ಕೂತು ನೀರು ಕೇಳಿದರು, ಕಾಲು ಗಂಟೆಯ ನಂತರ ಎಚ್ಚರ ತಪ್ಪಿತು" ಎಂಬುದನ್ನು ಹೇಳಿಹೋಗಲಿ. ನಡುವೆ ಎಚ್ಚರವಿದ್ದು ಮತ್ತೆ ತಪ್ಪಿದರೆ ತಲೆಬುರುಡೆಯೊಳಗೆ ರಕ್ತ ಶೇಖರವಾಗುತ್ತಿರುವ ಶಂಕೆ. 108ಕ್ಕೆ ಕರೆಮಾಡುವಾಗಲಂತೂ ಮೊದಲು ಜಾಗ, ಗುರುತಿನ ಕಟ್ಟಡ, ಆಮೇಲೆ ಉಳಿದ ಕತೆ. ನಡುವೆ ಕರೆ ಕಡಿದರೂ ವಾಹನ ಹೊರಡುತ್ತದೆ.

ಇನ್ನು ಉಳಿದದ್ದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಹೊತ್ತು. ಹೆಚ್ಚಿನ ಮಾಹಿತಿ ಸೋರಿಹೋಗುವುದು ಇಲ್ಲಿಯೇ. ಹಾವು ಕಡಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಹಾಕಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು ಎಂದುಕೊಳ್ಳಿ. ಪ್ರತಿವಿಷ ಹರಿದಾಡುವ ವಿಷವನ್ನು ತಟಸ್ಥಗೊಳಿಸುತ್ತದೆ, ಅಷ್ಟೇ. ಕರಗಿಹೋದ ಹೆಪ್ಪುಕಾರಕ ಪ್ರೋಟೀನುಗಳನ್ನು ಯಕೃತ್ತು ಹೊಸದಾಗಿ ತಯಾರಿಸಬೇಕು, ಅದಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಗಾಜಿನ ಪ್ರನಾಳದ ಪರೀಕ್ಷೆಯನ್ನು ಆರು ಗಂಟೆ ಕಳೆದ ಮೇಲೆ ಮತ್ತೆ ಮಾಡಿ, ಆಗಲೂ ರಕ್ತ ಹೆಪ್ಪುಗಟ್ಟದಿದ್ದರೆ ಎರಡನೆಯ ಸಲ ಪ್ರತಿವಿಷ ಹಾಕುವುದು ಇದೇ ಕಾರಣಕ್ಕೆ. ಮೊದಲನೆಯದು ಹಾಕಿದ ಹೊತ್ತು ಗೊತ್ತಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯವರು ಆ ಆರು ಗಂಟೆಯನ್ನು ಎಲ್ಲಿಂದ ಎಣಿಸಬೇಕು? ಆಂಬುಲೆನ್ಸ್ ಹೊರಡುವ ಮುನ್ನ ಸಿಸ್ಟರ್ ಬಳಿ ಹೋಗಿ, ಎಷ್ಟು ಸೀಸೆ ಹಾಕಿದಿರಿ, ಎಷ್ಟು ಗಂಟೆಗೆ ಹಾಕಿದಿರಿ, ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು.